‘ಸಮತೋಲನ ತಪ್ಪುತ್ತದೆ’ ಎಂದು ಬರೆದರೆ ಅಂಕ ಬರುವುದಿಲ್ಲ

ಜೀವಶಾಸ್ತ್ರ ಮತ್ತು ಪರಿಸರ ಪಾಠಗಳ ಬಗ್ಗೆ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೆಲವಕ್ಕೆ ಉತ್ತರ ಪಠ್ಯಪುಸ್ತಕದಲ್ಲೇ ಇದೆ, ಕೆಲವು ಪ್ರಶ್ನೆಗಳೇ ಅಲ್ಲ. ಈ ಸಲ ಒಂದಕ್ಕೆ ಮಾತ್ರ ವಿಸ್ತಾರವಾಗಿ ಬರೆಯುತ್ತೇನೆ. ಉತ್ಪಾದಕ, ಭಕ್ಷಕ, ವಿಘಟಕ ಎಂದರೇನು ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಅದು ಗೊತ್ತಿಲ್ಲದವರು ಮೊದಲು ಪಾಠ ಓದಿ ಬರಲಿ.

ಮೇಡಂ, ‘ಒಂದು ಪೋಷಣಾ ಸ್ತರದ ಎಲ್ಲ ಜೀವಿಗಳನ್ನೂ ಕೊಂದರೆ ಏನಾಗುತ್ತದೆ’ ಎಂಬ ಪ್ರಶ್ನೆಯಲ್ಲೂ ಶೇಕಡ 10ರ ಲೆಕ್ಕದಲ್ಲೂ ನನಗೆ ಪ್ರತಿ ಸಲ ಅಂಕ ಹೋಗುತ್ತದೆ. ‘ನಮ್ಮ ಪರಿಸರ’ ಪಾಠವನ್ನು ನಾಲ್ಕು ಸಲ ಓದಿದ್ದೇನೆ. ಟೆಸ್ಟ್‌ಗೆ ಇನ್ನು ಆರು ದಿನ ಇದೆ. ಹೇಗೆ ರಿವಿಜನ್ ಮಾಡಲಿ?
— ಹತ್ತನೇ ತರಗತಿ ವಿದ್ಯಾರ್ಥಿನಿ, ತುಮಕೂರು ಜಿಲ್ಲೆ

ಐದನೇ ಸಲ ಓದಬೇಡ. ಓದಿದ್ದನ್ನೇ ಓದುತ್ತಿದ್ದರೆ ಸಾಲುಗಳು ಪರಿಚಿತವಾಗುತ್ತವೆ, ಪರಿಚಯವನ್ನೇ ಮನಸ್ಸು ‘ನನಗೆ ಬರುತ್ತದೆ’ ಎಂದು ತಿಳಿದುಕೊಳ್ಳುತ್ತದೆ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ನಿನ್ನ ಟೆಸ್ಟ್ ಇರುವುದು ಐದು ನಿಮಿಷದ ನಂತರ ಅಲ್ಲ.

ಹಾಗಾಗಿ ಒಂದು ಖಾಲಿ ಹಾಳೆ ತೆಗೆದುಕೊ. ಪುಸ್ತಕ ಮುಚ್ಚಿ ಈ ಆಹಾರ ಸರಪಳಿ ಬರೆ: ಭತ್ತ → ಮಿಡತೆ → ಕಪ್ಪೆ → ಕೇರೆ ಹಾವು → ಗಿಡುಗ. ಇದರ ಒಂದೊಂದು ಹಂತವೂ ಒಂದೊಂದು ಪೋಷಣಾ ಸ್ತರ. ಬಾಣ ಬರೆಯುವಾಗಲೇ ಅರ್ಧ ಮಕ್ಕಳು ಜಾರುವುದು. ‘ಹಾವು ಕಪ್ಪೆಯನ್ನು ತಿನ್ನುತ್ತದೆ’ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಹಾವಿನಿಂದ ಕಪ್ಪೆಯ ಕಡೆಗೆ ಬಾಣ ಎಳೆಯುತ್ತಾರೆ. ಬಾಣ ತೋರಿಸಬೇಕಾದದ್ದು ಶಕ್ತಿ ಹೋಗುವ ದಿಕ್ಕನ್ನು. ಅದನ್ನು ‘ಹೊಟ್ಟೆಗೆ’ ಎಂದು ಓದು: ಭತ್ತ ಮಿಡತೆಯ ಹೊಟ್ಟೆಗೆ, ಮಿಡತೆ ಕಪ್ಪೆಯ ಹೊಟ್ಟೆಗೆ. ಹೀಗೆ ಓದಿದರೆ ತಿರುಗುಮುರುಗಾಗುವುದಿಲ್ಲ. ಸೂರ್ಯ ಪೋಷಣಾ ಸ್ತರವಲ್ಲ, ಅದಕ್ಕೆ ಒಂದನೇ ನಂಬರ್ ಕೊಡಬೇಡ. ಬ್ಯಾಕ್ಟೀರಿಯಾ, ಶಿಲೀಂಧ್ರಗಳನ್ನು ಗಿಡುಗದ ಮುಂದೆ ಕೊನೆಯ ಕೊಂಡಿಯಂತೆ ಜೋಡಿಸಬೇಡ. ಅವು ಎಲ್ಲ ಸ್ತರಗಳ ಸತ್ತ ದೇಹದ ಮೇಲೂ ಕೆಲಸ ಮಾಡುತ್ತವೆ, ಪಕ್ಕದಲ್ಲಿ ಬೇರೆಯಾಗಿ ಬರೆ.

ನಂಬರಿನ ಇನ್ನೊಂದು ಗೊಂದಲ: ಮಿಡತೆ ಪ್ರಾಥಮಿಕ ಭಕ್ಷಕ, ಆದರೆ ಎರಡನೇ ಪೋಷಣಾ ಸ್ತರ. ಕಪ್ಪೆ ದ್ವಿತೀಯಕ ಭಕ್ಷಕ, ಮೂರನೇ ಸ್ತರ. ಭಕ್ಷಕದ ಸಂಖ್ಯೆ ಯಾವಾಗಲೂ ಸ್ತರದ ಸಂಖ್ಯೆಗಿಂತ ಒಂದು ಕಡಿಮೆ. ಒಂದು ಅಂಕದ ಪ್ರಶ್ನೆಗಳಲ್ಲಿ ಇದನ್ನೇ ತಿರುಗಿಸಿ ಕೇಳುತ್ತಾರೆ.

ಈಗ ಲೆಕ್ಕ. ಒಂದು ಸ್ತರದಲ್ಲಿರುವ ಶಕ್ತಿಯಲ್ಲಿ ಮುಂದಿನ ಸ್ತರಕ್ಕೆ ಸೇರುವುದು ಸುಮಾರು ಶೇಕಡ 10 ಮಾತ್ರ. ಪ್ರಶ್ನೆಯಲ್ಲಿ ಎರಡು ಬಗೆಯ ವಾಕ್ಯ ಬರುತ್ತದೆ, ಎರಡಕ್ಕೂ ಉತ್ತರ ಬೇರೆ. ‘ಸಸ್ಯಗಳ ಮೇಲೆ 20,000 ಜೂಲ್ ಸೌರಶಕ್ತಿ ಬೀಳುತ್ತದೆ’ ಎಂದಿದ್ದರೆ ಮೊದಲ ಹೆಜ್ಜೆ ಶೇಕಡ 10 ಅಲ್ಲ, ಶೇಕಡ 1. ಎಲೆಯ ಮೇಲೆ ಬಿದ್ದ ಬೆಳಕಿನಲ್ಲಿ ಸಸ್ಯ ಹಿಡಿದಿಡುವುದು ಸುಮಾರು ಅಷ್ಟೇ. ಆಗ ಭತ್ತದಲ್ಲಿ 200 ಜೂಲ್, ಮಿಡತೆಗೆ 20, ಕಪ್ಪೆಗೆ 2, ಹಾವಿಗೆ 0.2. ‘ಉತ್ಪಾದಕರಲ್ಲಿ 20,000 ಜೂಲ್ ಶಕ್ತಿ ಲಭ್ಯವಿದೆ’ ಎಂದಿದ್ದರೆ ನೇರ ಶೇಕಡ 10: ಮಿಡತೆಗೆ 2,000, ಕಪ್ಪೆಗೆ 200, ಹಾವಿಗೆ 20. ‘ಬೀಳುತ್ತದೆ’, ‘ಲಭ್ಯವಿದೆ’ ಎಂಬ ಪದಗಳ ಕೆಳಗೆ ಗೆರೆ ಎಳೆದ ಮೇಲೆ ಲೆಕ್ಕಕ್ಕೆ ಕೈ ಹಾಕು. ಪ್ರತಿ ಹೆಜ್ಜೆಯಲ್ಲೂ ‘ಜೂಲ್’ ಬರೆ. ಕೊನೆಯ ಉತ್ತರ ತಪ್ಪಾದರೂ ಹೆಜ್ಜೆಗೆ ಅಂಕ ಸಿಗಬೇಕಾದರೆ ಹೆಜ್ಜೆ ಕಾಣಬೇಕು.

ಹಿಮ್ಮುಖ ಲೆಕ್ಕವೂ ಬರುತ್ತದೆ. ಗಿಡುಗಕ್ಕೆ 5 ಜೂಲ್ ಸಿಕ್ಕಿದರೆ ಭತ್ತದಲ್ಲಿ ಎಷ್ಟಿತ್ತು? ಇಲ್ಲಿ ಜೀವಿಗಳನ್ನು ಎಣಿಸಬೇಡ, ಬಾಣಗಳನ್ನು ಎಣಿಸು. ಜೀವಿಗಳು ಐದು, ಬಾಣ ನಾಲ್ಕು. ನಾಲ್ಕು ಸಲ 10ರಿಂದ ಗುಣಿಸಿದರೆ 50,000 ಜೂಲ್. ಐದು ಸಲ ಗುಣಿಸಿ 5 ಲಕ್ಷ ಬರೆಯುವವರೇ ಹೆಚ್ಚು. ಬಿದ್ದ ಸೌರಶಕ್ತಿ ಎಷ್ಟು ಎಂದು ಕೇಳಿದರೆ ಇನ್ನೊಮ್ಮೆ 100ರಿಂದ ಗುಣಿಸು: 50 ಲಕ್ಷ ಜೂಲ್. ಈ ಸರಪಳಿಗಳು ಮೂರು ನಾಲ್ಕು ಹಂತಕ್ಕೆ ಏಕೆ ನಿಲ್ಲುತ್ತವೆ ಎಂಬ ಪ್ರಶ್ನೆಗೂ ಇದೇ ಲೆಕ್ಕ ಉತ್ತರ.

ಉಳಿದ ಶೇಕಡ 90 ‘ನಾಶವಾಗುತ್ತದೆ’ ಎಂದು ದಯವಿಟ್ಟು ಬರೆಯಬೇಡ. ಶಕ್ತಿ ನಾಶವಾಗುವುದಿಲ್ಲ. ಒಂದಷ್ಟು ಭಾಗವನ್ನು ಯಾರೂ ತಿನ್ನುವುದೇ ಇಲ್ಲ, ತಿಂದದ್ದರಲ್ಲೂ ಒಂದಷ್ಟು ಜೀರ್ಣವಾಗದೆ ಮಲವಾಗಿ ಹೊರಹೋಗುತ್ತದೆ, ದೊಡ್ಡ ಪಾಲು ಉಸಿರಾಟ, ಓಡಾಟದಲ್ಲಿ ಖರ್ಚಾಗಿ ಶಾಖವಾಗಿ ಪರಿಸರ ಸೇರುತ್ತದೆ. ಆ ಶಾಖವನ್ನು ಸಸ್ಯ ಮತ್ತೆ ಹಿಡಿಯಲಾರದು. ಶಕ್ತಿಯ ಹರಿವು ಏಕಮುಖ ಎನ್ನುವುದು ಇದಕ್ಕೇ. 10 ಎಂಬುದು ಸರಾಸರಿ, ಪ್ರಕೃತಿಯಲ್ಲಿ ಹೆಚ್ಚು ಕಡಿಮೆ ಆಗುತ್ತದೆ. ಲೆಕ್ಕಕ್ಕೆ 10 ಇಟ್ಟುಕೊ.

ಇನ್ನು ‘ಒಂದು ಸ್ತರವನ್ನು ಕೊಂದರೆ’ ಎಂಬ ಪ್ರಶ್ನೆ. ‘ಪರಿಸರದ ಸಮತೋಲನ ತಪ್ಪುತ್ತದೆ’ ಎಂದು ಬರೆದು ಮೂರು ಅಂಕ ನಿರೀಕ್ಷಿಸುವವರನ್ನು ಕಂಡರೆ ತಾಳ್ಮೆ ಉಳಿಯುವುದಿಲ್ಲ. ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು, ಏಕೆ ಎಂದು ಹೇಳದ ಆ ವಾಕ್ಯ ಎಲ್ಲ ಪ್ರಶ್ನೆಗೂ ಹೊಂದುತ್ತದೆ, ಯಾವ ಪ್ರಶ್ನೆಗೂ ಉತ್ತರವಲ್ಲ.

ಕಪ್ಪೆಗಳನ್ನು ತೆಗೆ. ಮೊದಲು ಒಂದು ಹೆಜ್ಜೆ ಹಿಂದೆ ನೋಡು: ತಿನ್ನುವವರಿಲ್ಲದೆ ಮಿಡತೆ ಹೆಚ್ಚುತ್ತದೆ. ಇನ್ನೊಂದು ಹೆಜ್ಜೆ ಹಿಂದೆ: ಮಿಡತೆ ಹೆಚ್ಚಿದ್ದರಿಂದ ಭತ್ತ ಕಡಿಮೆಯಾಗುತ್ತದೆ, ಭತ್ತ ಮುಗಿದ ಮೇಲೆ ಮಿಡತೆಯೂ ಇಳಿಯುತ್ತದೆ. ಆಮೇಲೆ ಮುಂದೆ ನೋಡು: ಹಾವಿಗೆ ಆಹಾರ ಕಡಿಮೆ. ಇಲ್ಲಿ ನಿಲ್ಲಬೇಡ. ಕೇರೆ ಹಾವು ಇಲಿಯನ್ನೂ ತಿನ್ನುತ್ತದೆ, ಹಾಗಾಗಿ ಪೂರ್ತಿ ಇಲ್ಲವಾಗುವುದಿಲ್ಲ, ಇಲಿಗಳ ಮೇಲೆ ಒತ್ತಡ ಹೆಚ್ಚುತ್ತದೆ. ಈ ಕೊನೆಯ ವಾಕ್ಯ ಬರೆದರೆ ಆಹಾರ ಜಾಲ ನಿನಗೆ ಅರ್ಥವಾಗಿದೆ ಎಂದು ಮೌಲ್ಯಮಾಪಕರಿಗೆ ಗೊತ್ತಾಗುತ್ತದೆ. ‘ಎಲ್ಲ ಸ್ತರಗಳಲ್ಲೂ ಪರಿಣಾಮ ಒಂದೇ ತೆರನೇ’ ಎಂದು ಮುಂದೆ ಕೇಳಿದರೆ ಉತ್ತರ ‘ಇಲ್ಲ’. ಉತ್ಪಾದಕರನ್ನು ತೆಗೆದರೆ ಮೇಲಿನ ಎಲ್ಲವೂ ಕುಸಿಯುತ್ತವೆ. ತುದಿಯ ಭಕ್ಷಕರನ್ನು ತೆಗೆದರೆ ಮೊದಲು ಕಾಣುವುದು ಕೆಳಗಿನವುಗಳ ಹೆಚ್ಚಳ. ವಿಘಟಕರನ್ನು ತೆಗೆದರೆ ಸತ್ತ ದೇಹ, ತರಗೆಲೆ ರಾಶಿ ಬೀಳುತ್ತದೆ, ಖನಿಜಗಳು ಮಣ್ಣಿಗೆ ಮರಳುವುದಿಲ್ಲ.

ಉದಾಹರಣೆ ಬೇಕೆಂದರೆ ರಣಹದ್ದು ಬರೆ. ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಕೊಟ್ಟ ದನಗಳು ಸತ್ತಾಗ ಅವುಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಭಾರತದಲ್ಲಿ ಮೂರು ಪ್ರಭೇದಗಳ ಸಂಖ್ಯೆ ಶೇಕಡ 95ಕ್ಕಿಂತ ಹೆಚ್ಚು ಕುಸಿಯಿತು. ಜಾನುವಾರುಗಳಿಗೆ ಈ ಔಷಧವನ್ನು 2006ರಲ್ಲಿ ನಿಷೇಧಿಸಿದರು. ಹದ್ದುಗಳಿಲ್ಲದ ಕಡೆ ಹೆಣಗಳು ಬೀದಿನಾಯಿಗಳ ಪಾಲಾದವು. ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವಾಗಿ ಘೋಷಿಸಿದ್ದು ಅಳಿದುಳಿದವುಗಳಿಗಾಗಿ. ಎಚ್ಚರಿಕೆ: ಇದನ್ನು ಜೈವಿಕ ಸಂವರ್ಧನೆಗೆ (ಮೇಲಿನ ಸ್ತರಕ್ಕೆ ಹೋದಂತೆ ದೇಹದಲ್ಲಿ ವಿಷದ ಪ್ರಮಾಣ ಏರುವುದಕ್ಕೆ) ಉದಾಹರಣೆಯಾಗಿ ಕೆಲವು ಗೈಡುಗಳೂ ಯೂಟ್ಯೂಬ್ ಗುರುಗಳೂ ಹೇಳಿಕೊಡುತ್ತಾರೆ. ತಪ್ಪು. ಆ ಔಷಧ ಸ್ತರದಿಂದ ಸ್ತರಕ್ಕೆ ಶೇಖರವಾಗುತ್ತಾ ಬಂದದ್ದಲ್ಲ, ಒಂದೇ ಊಟದಲ್ಲಿ ಬಂದ ವಿಷ.

ಸಂವರ್ಧನೆಗೆ ಡಿಡಿಟಿ ಎಂಬ ಕೀಟನಾಶಕ ಬರೆ. ನೀರಿನಲ್ಲಿ ಲೆಕ್ಕಕ್ಕೇ ಸಿಗದಷ್ಟು ಇದ್ದದ್ದು ಪ್ರಾಣಿಪ್ಲವಕದಲ್ಲಿ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳಲ್ಲಿ) 0.04 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25. ಬಾಣದ ದಿಕ್ಕು ಅದೇ, ಶಕ್ತಿ ಇಳಿಯುತ್ತದೆ, ವಿಷ ಏರುತ್ತದೆ. ಕಾರಣ ಒಂದೇ ವಾಕ್ಯ: ಶಕ್ತಿ ದೇಹದಲ್ಲಿ ಖರ್ಚಾಗುತ್ತದೆ, ಡಿಡಿಟಿ ಖರ್ಚೂ ಆಗುವುದಿಲ್ಲ, ಮೂತ್ರದಲ್ಲಿ ಹೊರಗೂ ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂರುತ್ತದೆ.

ಆರು ದಿನದ ವಿಷಯ. ಪ್ರತಿ ಸಲ 10 ನಿಮಿಷ ಓದು, ಪುಸ್ತಕ ಮುಚ್ಚು, 15 ನಿಮಿಷ ಬರೆ, ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ಬಿಟ್ಟುಹೋದದ್ದನ್ನು ತುಂಬು. ಮರುದಿನ ಕೆಂಪು ಬಿದ್ದದ್ದನ್ನು ಮಾತ್ರ ಮತ್ತೆ ಬರೆ. ಪರಿಸರದ ಪಾಠ ಎರಡು ದಿನಕ್ಕೆ ಸಾಕು. ಉಳಿದ ದಿನಗಳು ಜೀವಕ್ರಿಯೆಗಳಿಗೆ, ನಿಯಂತ್ರಣ ಮತ್ತು ಸಹಭಾಗಿತ್ವಕ್ಕೆ. ಚಿತ್ರವಿರುವ ಪಾಠಗಳು ಹೆಚ್ಚು ಸಮಯ ಕೇಳುತ್ತವೆ. ಕೊನೆಯ ರಾತ್ರಿ ಹೊಸ ಪಾಠ ತೆರೆಯಬೇಡ, ಹತ್ತು ಗಂಟೆಗೆ ಮಲಗು.

ಹೃದಯದ ಚಿತ್ರ ಪ್ರತಿ ಸಲ ಕೆಟ್ಟುಹೋಗುತ್ತದೆ, ಗುರುತಿಸುವುದೂ ತಪ್ಪುತ್ತದೆ.
— ವಿದ್ಯಾರ್ಥಿ, ಹಾಸನ

ಹಾಳೆಯ ಮೇಲೆ ಹೃದಯದ ಬಲಭಾಗ ನಿನ್ನ ಎಡಗೈ ಕಡೆ ಬರುತ್ತದೆ. ಮೊದಲು ಹಾಳೆಯ ಎರಡೂ ಅಂಚಿನಲ್ಲಿ ‘ಬಲ’, ‘ಎಡ’ ಎಂದು ತೆಳುವಾಗಿ ಬರೆದುಕೊ, ಕೊನೆಯಲ್ಲಿ ಅಳಿಸು. ಹೊರಗೆರೆ, ನಡುವಿನ ಭಿತ್ತಿ, ನಾಲ್ಕು ಕೋಣೆ, ಕವಾಟ, ಆಮೇಲೆ ನಾಳಗಳು, ಈ ಕ್ರಮ ಬಿಡಬೇಡ. ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ಗೋಡೆ ಬಲದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪ ಇರಲಿ, ಇಡೀ ದೇಹಕ್ಕೆ ರಕ್ತ ತಳ್ಳುವುದು ಅದೇ. ಗುರುತಿಸುವಾಗ ಶ್ವಾಸಕೋಶದ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ ಇರುವ ರಕ್ತ, ಶ್ವಾಸಕೋಶದ ಅಭಿಧಮನಿಯಲ್ಲಿ ಆಮ್ಲಜನಕಯುಕ್ತ ರಕ್ತ. ಅಪಧಮನಿ ಎಂದರೆ ‘ಶುದ್ಧ ರಕ್ತದ ನಾಳ’ ಎಂದು ಯಾರೋ ಕಲಿಸಿದ್ದನ್ನು ಇವತ್ತೇ ಮರೆತುಬಿಡು. ಹೃದಯದಿಂದ ಹೊರಹೋಗುವುದು ಅಪಧಮನಿ, ಹೃದಯಕ್ಕೆ ಬರುವುದು ಅಭಿಧಮನಿ.

ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಉತ್ತರದಲ್ಲಿ ಬರೆಯಬಹುದೇ?
— ಶಿವಮೊಗ್ಗ

ಬರೆದರೆ ಅಂಕ ಹೋಗುತ್ತದೆ. ಆಮ್ಲಜನಕ ಬಿಡುಗಡೆಯಾಗುವುದು ಬೆಳಕಿದ್ದಾಗ ನೀರಿನ ಅಣು ಒಡೆದು. ಕತ್ತಲಲ್ಲಿ ಯಾವ ಮರವೂ ಅದನ್ನು ಮಾಡುವುದಿಲ್ಲ, ಎಷ್ಟು ಪ್ರದಕ್ಷಿಣೆ ಹಾಕಿದರೂ. ಕಳ್ಳಿಯಂಥ ಮರುಭೂಮಿ ಸಸ್ಯಗಳು ರಾತ್ರಿ ಪತ್ರರಂಧ್ರ ತೆರೆದು ಒಳಗೆ ತೆಗೆದುಕೊಳ್ಳುವುದು ಇಂಗಾಲದ ಡೈಆಕ್ಸೈಡ್, ಹೊರಬಿಡುವುದು ಆಮ್ಲಜನಕವಲ್ಲ. ಜೊತೆಗೆ ‘ಸಸ್ಯಗಳು ರಾತ್ರಿ ಮಾತ್ರ ಉಸಿರಾಡುತ್ತವೆ’ ಎಂದೂ ಬರೆಯಬೇಡಿ. ಅವು 24 ಗಂಟೆಯೂ ಉಸಿರಾಡುತ್ತವೆ.

ಓಝೋನ್ ಪದರ ತೂತಾದ್ದರಿಂದಲೇ ಭೂಮಿ ಬಿಸಿಯಾಗುತ್ತಿದೆಯೇ?
— ಬಳ್ಳಾರಿ

ಅಲ್ಲ. ಓಝೋನ್ ತೆಳುವಾದರೆ ನೆಲಕ್ಕೆ ಬರುವುದು ಹೆಚ್ಚು ನೇರಳಾತೀತ ಕಿರಣ, ಫಲ ಚರ್ಮದ ಕ್ಯಾನ್ಸರ್‌ನಂಥವು. ಬಿಸಿ ಏರುವುದಕ್ಕೆ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಎರಡೂ ಕಡೆ ಕೈಯಾಡಿಸುವುದರಿಂದ ಗೊಂದಲ. 1987ರ ಅಂತರರಾಷ್ಟ್ರೀಯ ಒಪ್ಪಂದ ಅದರ ಉತ್ಪಾದನೆಯನ್ನು 1986ರ ಮಟ್ಟದಲ್ಲಿ ನಿಲ್ಲಿಸಲು ಹೊರಟಿತು ಎಂಬ ಸಾಲು ಮಾತ್ರ ನೆನಪಿರಲಿ.

ಮಗನಿಗೆ ಜ್ಞಾಪಕಶಕ್ತಿಯ ಸಿರಪ್ ಕೊಡಿಸಲೇ? ಕಣ್ಣು ಕಟ್ಟಿ ಓದಿಸುವ ‘ಮಿಡ್‌ಬ್ರೇನ್’ ತರಬೇತಿಗೂ ಕರೆಯುತ್ತಿದ್ದಾರೆ.
— ಪೋಷಕರು, ಧಾರವಾಡ

ಎರಡೂ ಬೇಡ. ಕಣ್ಣು ಕಟ್ಟಿದ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ, ಅಷ್ಟೇ. ಹುಡುಗ ಸದಾ ಸುಸ್ತಾಗಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ನೋಡಿಸಿ. ವೈದ್ಯರು ಹೇಳದೆ ಯಾವ ಟಾನಿಕ್ಕನ್ನೂ ಪರೀಕ್ಷೆಯ ವಾರದಲ್ಲಿ ಹೊಸದಾಗಿ ಶುರುಮಾಡಬೇಡಿ.

ಮೆಂಡಲ್‌ನ ಬಟಾಣಿ ಪ್ರಯೋಗದ 3:1 ಅನುಪಾತದ (ಮೂರು ಎತ್ತರ, ಒಂದು ಕುಳ್ಳು) ಪ್ರಕಾರ ನಾಲ್ಕು ಬೀಜ ನೆಟ್ಟರೆ ಮೂರು ಎತ್ತರ ಆಗಲೇಬೇಕಲ್ಲವೇ?

ಇಲ್ಲ. ಅದು ನೂರಾರು ಗಿಡಗಳ ಅನುಪಾತ.

ಈ ಸಲ ಖಂಡಿತ ಬರುವ ಪ್ರಶ್ನೆಗಳ ಪಟ್ಟಿ ಕೊಡುವಿರಾ?

ಇಲ್ಲ.

ಚಿತ್ರಕ್ಕೆ ಕಲರ್ ಪೆನ್ಸಿಲ್ ಬೇಕೇ?

ಬೇಡ. ಎಚ್‌ಬಿ ಪೆನ್ಸಿಲ್ ಎರಡು, ಚೂಪು ಮಾಡಿ ಇಟ್ಟುಕೊ. ಗುರುತಿನ ಗೆರೆ ಸ್ಕೇಲ್ ಇಟ್ಟು ಅಡ್ಡಕ್ಕೆ ಎಳೆ, ಒಂದನ್ನೊಂದು ದಾಟದಿರಲಿ, ತುದಿ ಆ ಭಾಗವನ್ನು ಮುಟ್ಟಲಿ. ಹೆಸರುಗಳೆಲ್ಲ ಬಲಗಡೆ ಒಂದರ ಕೆಳಗೊಂದು.