ಧರೆಯ ಬಾಗಿಲು ಜೇಡಕ್ಕೆ ಸೀಮೆಎಣ್ಣೆ ಬೇಡ

ಪ್ರಶ್ನೆ: ಅಡಿಕೆ ತೋಟದ ಧರೆ ಕೆರೆಯುವಾಗ ರೂಪಾಯಿ ನಾಣ್ಯದಗಲದ ಮಣ್ಣಿನ ಮುಚ್ಚಳ ಎದ್ದು ಬಂತು. ಒಳಗೆ ಬೆರಳು ತೂರುವಷ್ಟು ಬಿಲ, ಅದರಲ್ಲಿ ಕರ್ರಗೆ ಮಿಂಚುವ ದಪ್ಪ ಕಾಲಿನ ಜೇಡ. ಭಾರೀ ವಿಷದ್ದು, ಸೀಮೆಎಣ್ಣೆ ಸುರಿಯಿರಿ ಅಂತಾರೆ ಕೆಲಸದವರು. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಸೀಮೆಎಣ್ಣೆ ಖಂಡಿತ ಬೇಡ. ಅದು ಟ್ರ್ಯಾಪ್‌ಡೋರ್ ಜೇಡ, ಅಂದರೆ ಬಿಲಕ್ಕೆ ಮುಚ್ಚಳ ಕಟ್ಟಿಕೊಳ್ಳುವ ಬಾಗಿಲು ಜೇಡ. ಮನುಷ್ಯರಿಗೆ ಅಪಾಯ ಮಾಡುವಂಥ ವಿಷ ಅದಕ್ಕಿಲ್ಲ, ಬಿಲ ಬಿಟ್ಟು ಅಟ್ಟಿಸಿಕೊಂಡೂ ಬರುವುದಿಲ್ಲ.

ಹೆದರಿಕೆ ಹುಟ್ಟಿಸುವುದು ಅದರ ಭಂಗಿ. ಮನೆಜೇಡದ ಕೋರೆಗಳು ಇಕ್ಕಳದ ಹಾಗೆ ಎದುರುಬದುರು ಕೂಡಿಕೊಳ್ಳುತ್ತವೆ. ಇದರವು ಜೋಡಿ ಗುದ್ದಲಿಯಂತೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಹಾಗಾಗಿ ಕಚ್ಚಬೇಕೆಂದರೆ ಮೊದಲು ಮುಂಗಾಲೆತ್ತಿ ಎದೆ ಸೆಟೆಯಲೇಬೇಕು. ಕೋರೆಯ ಬುಡದಲ್ಲಿ ಗಿಡ್ಡ, ಗಟ್ಟಿ ಮುಳ್ಳುಗಳಿವೆ. ಮಣ್ಣು ತೋಡುವುದು ಅವುಗಳಿಂದಲೇ. ಹೊಟ್ಟೆಯ ಅಡಿಗೆ ಮಾಸಲು ಬಿಳಿಯ ನಾಲ್ಕು ಮಚ್ಚೆ ಕಂಡರೆ ಅವು ಪುಸ್ತಕದ ಹಾಳೆಗಳಂತೆ ಪದರವಿರುವ ಶ್ವಾಸಕೋಶಗಳು. ಬಲೆ ಹೆಣೆಯುವ ಹೆಚ್ಚಿನ ಜೇಡಗಳಿಗೆ ಇರುವುದು ಎರಡೇ.

ಕಿತ್ತುಬಂದ ಮುಚ್ಚಳ ತಿರುಗಿಸಿ ನೋಡಿ: ಒಳಮೈಗೆ ಬಿಳಿ ನೂಲಿನ ಹೊದಿಕೆ, ಅದರಲ್ಲಿ ಚುಚ್ಚಿದಂಥ ಸಣ್ಣ ಗುರುತುಗಳು. ಹೊರಗಿನಿಂದ ಯಾರಾದರೂ ಎತ್ತಿದಾಗ ಜೇಡ ಕೋರೆ, ಉಗುರು ಊರಿ ಒಳಗಿನಿಂದ ಜಗ್ಗಿ ಹಿಡಿಯುವ ಜಾಗ ಅದು. ಎಷ್ಟು ಚೊಕ್ಕ ಕೆಲಸ! ಮುಚ್ಚಳವನ್ನು ಬಿಲದ ಬಾಯಿಗೆ ಮೆಲ್ಲಗೆ ಇಟ್ಟುಬಿಡಿ. ಕೂರದಿದ್ದರೂ ಅದು ಹೊಸದು ಕಟ್ಟಿಕೊಳ್ಳುತ್ತದೆ. ಸುತ್ತ ಒಂದು ಗೇಣು ಜಾಗ ಕೆರೆಯದೆ ಬಿಡಿ. ಬಿಲವೇ ಹಾಳಾದರೆ ಬೆಳೆದ ಹೆಣ್ಣಿಗೆ ಹೊಸದಾಗಿ ತೋಡುವುದು ಕಷ್ಟ. ಈ ಜೇಡಗಳ ಆಯಸ್ಸೂ ದೊಡ್ಡದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜೇಡ ವಿಜ್ಞಾನಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ಗುರುತು ಹಾಕಿದ್ದ ಒಂದು ಹೆಣ್ಣು ಅದೇ ಬಿಲದಲ್ಲಿ 43 ವರ್ಷ ಬದುಕಿತ್ತು.

ಮಳೆ ಹಿಡಿದ ಮೇಲೆ ಬಚ್ಚಲಿಗೆ ಬಂದು ಬೀಳುವುದು ಹೆಣ್ಣು ಹುಡುಕಿ ಅಲೆಯುವ ಗಂಡು. ಅದಕ್ಕೆ ನಯವಾದ ಟೈಲ್ಸ್ ಹತ್ತಲಾಗದು. ಮೇಲೆ ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ ಧರೆಗೆ ಬಿಟ್ಟು ಬನ್ನಿ. ಮೈತುಂಬ ಉದ್ದ ಕೂದಲಿರುವ ದೊಡ್ಡ ಜೇಡ ಬೇರೆ ಗುಂಪಿನದು, ಅದು ಕಚ್ಚಿದರೆ ನೋವು ಜಾಸ್ತಿ.

ಬಾಗಿಲು ಜೇಡ ಕಚ್ಚಿದರೆ ಸೋಪುನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಆದರೆ ಧರೆಯ ಬಿಲಕ್ಕೆ ಕೈ ಹಾಕಿದಾಗ ಕಚ್ಚಿದ್ದು ಯಾವುದೆಂದು ಕಣ್ಣಾರೆ ನೋಡಿಲ್ಲವೆಂದರೆ ಜೇಡವೆಂದು ಸುಮ್ಮನೆ ಕೂರಬೇಡಿ. ಹಾವೆಂದೇ ತಿಳಿದು, ಕೈ ಅಲುಗಿಸದೆ, ಕಟ್ಟು ಬಿಗಿಯದೆ ತಕ್ಷಣ ಆಸ್ಪತ್ರೆಗೆ ಹೋಗಿ.