ಪುಟ್ಟ ರೈಲಿನ ಘಾಟಿ: ಕಪ್ಪು ಬಳಿದ ಮಾತ್ರಕ್ಕೆ ಹಳತಾಗುವುದಿಲ್ಲ

ಪ್ರಶ್ನೆ: ಎಚ್‌ಒ ಸ್ಕೇಲಿನಲ್ಲಿ (ನಿಜದ 87ನೇ ಒಂದು ಪಾಲಿನ ಅಳತೆ) ನಾಲ್ಕು ಅಡಿ ಉದ್ದದ ಮಾದರಿ ರೈಲಿನ ಘಾಟಿ ದೃಶ್ಯ ಮಾಡಿದ್ದೇನೆ. ಸಣ್ಣ ಸ್ಟೇಷನ್, ಕಲ್ಲಿನ ತಡೆಗೋಡೆ, ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ), ಒಂದು ಸುರಂಗದ ಬಾಯಿ ಇದೆ. ಹಳೆಯದಾಗಿ ಕಾಣಲಿ ಅಂತ ಕಪ್ಪು ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿ ಎಲ್ಲಾ ಕಡೆ ಬಳಿದೆ. ಈಗ ಬೆಂಕಿ ಬಿದ್ದ ಮನೆ ತರ ಕಾಣುತ್ತಿದೆ. ಸರಿ ಮಾಡುವುದು ಹೇಗೆ ಸರ್?
(ಸೋಮವಾರಪೇಟೆಯಿಂದ ಒಬ್ಬರು)

ಉತ್ತರ: "ಎಲ್ಲಾ ಕಡೆ" ಅಂದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಕೊಳೆ ಎಲ್ಲಾ ಕಡೆ ಒಂದೇ ಸಮ ಕೂರುವುದಿಲ್ಲ. ನೀರು ಎಲ್ಲಿ ಇಳಿಯುತ್ತದೋ, ಎಲ್ಲಿ ತಂಗುತ್ತದೋ ಅಲ್ಲಿ ಕೂರುತ್ತದೆ. ವೆದರಿಂಗ್ (ಮಾದರಿಯನ್ನು ಮಳೆ ಬಿಸಿಲಿಗೆ ಹಳತಾದಂತೆ ಕಾಣಿಸುವುದು) ಅಂದರೆ ಬಣ್ಣದ ಕೆಲಸ ಅಂದುಕೊಳ್ಳುತ್ತೇವೆ, ಆದರೆ ಅರ್ಧಕ್ಕಿಂತ ಜಾಸ್ತಿ ಅದು ನೀರಿನ ದಾರಿ ಹುಡುಕುವ ಕೆಲಸ.

ಯೂಟ್ಯೂಬಿನಲ್ಲಿ ನೋಡುವ ವಿಡಿಯೋಗಳಲ್ಲಿ ಬಹುಪಾಲು ಒಣ ಊರುಗಳ ವೆದರಿಂಗ್. ಧೂಳು, ಬಿಸಿಲಿಗೆ ಮಾಸಿದ ಬಣ್ಣ, ಕಿತ್ತಳೆ ತುಕ್ಕು. ನಿಮ್ಮ ಘಾಟಿಗೆ ಅದು ಹೊಂದುವುದಿಲ್ಲ. ನಿಮಗೆ ಬೇಕಾದ ಮಾದರಿ ಮನೆ ಹೊರಗೇ ಇದೆ. ಮಡಿಕೇರಿ ರಸ್ತೆಯಲ್ಲಿ ಯಾವುದಾದರೂ ಹಳೆಯ ತಡೆಗೋಡೆ ಎದುರು ನಿಂತು ನೋಡಿ. ಗೋಡೆಯ ಹಿಂದಿನ ನೀರು ಹೊರಬರಲು ಬಿಟ್ಟ ತೂತುಗಳಿರುತ್ತವೆ. ಪ್ರತಿ ತೂತಿನ ಕೆಳತುಟಿಯಿಂದ ಒಂದು ಕಪ್ಪು ಪಟ್ಟಿ ಶುರುವಾಗುತ್ತದೆ, ಕೆಳಗೆ ಹೋದಂತೆ ಅಗಲವಾಗಿ ತೆಳುವಾಗುತ್ತದೆ. ಪಟ್ಟಿಯ ಎರಡೂ ಅಂಚಿನಲ್ಲಿ ಹಸಿರು. ಎರಡು ತೂತಿನ ನಡುವೆ ಕಲ್ಲು ಬೂದು ಬಣ್ಣದಲ್ಲೇ ಇರುತ್ತದೆ. ಗೋಡೆಯ ಬುಡದಲ್ಲಿ, ಮಣ್ಣು ಸಿಡಿಯುವಷ್ಟು ಎತ್ತರಕ್ಕೆ, ಕೆಂಪು. ಅಂದರೆ ಒಂದೇ ಗೋಡೆಯಲ್ಲಿ ನಾಲ್ಕು ಬಣ್ಣ, ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಹೆಂಚಿನ ಮಾಡು ಕೂಡ ಹಾಗೇ. ಮಂಗಳೂರು ಹೆಂಚು ಒಂದೇ ಸಮ ಕಪ್ಪಾಗುವುದಿಲ್ಲ. ಮರದ ನೆರಳು ಬೀಳುವ ಕಡೆ ಪಾಚಿ ಜಾಸ್ತಿ, ಒಂದು ಹೆಂಚು ಇನ್ನೊಂದರ ಮೇಲೆ ಕೂರುವ ಅಂಚಿನಲ್ಲಿ ಇನ್ನೂ ಜಾಸ್ತಿ. ನಡುನಡುವೆ, ಒಡೆದದ್ದಕ್ಕೆ ಬದಲಾಗಿ ಹಾಕಿದ ಹೊಸ ಹೆಂಚುಗಳು ಕೆಂಪಗೆ ಎದ್ದು ಕಾಣುತ್ತವೆ. ನಿಮ್ಮ ಸ್ಟೇಷನ್ ಮಾಡಿನಲ್ಲಿ ಮೂರೋ ನಾಲ್ಕೋ ಹೆಂಚಿಗೆ ಮಾತ್ರ ಸ್ವಲ್ಪ ಹೊಸ ಕೆಂಪು ಕೊಡಿ. ಇಡೀ ಮಾಡು ಹಳೆಯದು ಅಂತ ನೋಡುವವರಿಗೆ ಆಗಲೇ ಗೊತ್ತಾಗುವುದು.

ಈಗ ರಿಪೇರಿ. ಗೋಡೆಯ ಮೂಲ ಬಣ್ಣವನ್ನೇ ಸ್ವಲ್ಪ ಬಿಳಿ ಸೇರಿಸಿ ಕಲಸಿ. ಚಪ್ಪಟೆ ಬ್ರಷ್ಷಿಗೆ ತಾಗಿಸಿ, ಟಿಶ್ಯೂ ಪೇಪರಿನಲ್ಲಿ ಒರೆಸಿ, ಬಣ್ಣ ಮುಗಿದೇ ಹೋಯಿತು ಅನ್ನಿಸಿದ ಮೇಲೆ ಕಲ್ಲುಗಳ ಉಬ್ಬಿನ ಮೇಲೆ ಹಗುರವಾಗಿ ಆಡಿಸಿ. ಇದೇ ಡ್ರೈ ಬ್ರಷಿಂಗ್. ಕಪ್ಪು ಸಂದಿಯಲ್ಲಿ ಉಳಿಯುತ್ತದೆ, ಕಲ್ಲು ಮತ್ತೆ ಕಲ್ಲಾಗುತ್ತದೆ. ಪ್ಲಾಸ್ಟಿಕ್ ಭಾಗಗಳಲ್ಲಿ ಇಯರ್ ಬಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಕಪ್ಪನ್ನು ಎತ್ತಬಹುದು. ಅದು ಕೆಳಗಿನ ಬಣ್ಣವನ್ನೂ ಎತ್ತಿಬಿಡುತ್ತದೆ, ಕಾಣದ ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ.

ಆಮೇಲೆ ನೀರಿನ ಪಟ್ಟಿಗಳು. ಅಚ್ಚ ಕಪ್ಪು ಬೇಡವೇ ಬೇಡ. ಕಡು ಕಂದು ಬಣ್ಣಕ್ಕೆ ಚೂರು ಕಪ್ಪು, ಚೂರು ಹಸಿರು ಸೇರಿಸಿ. ಒಂದು ಪಾಲು ಬಣ್ಣಕ್ಕೆ ಸುಮಾರು ಹತ್ತು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಒಂದು ಹನಿ ಇಲ್ಲದಿದ್ದರೆ ನೀರು ಮುತ್ತಿನಂತೆ ನಿಂತುಬಿಡುತ್ತದೆ, ಸಂದಿಗೆ ಇಳಿಯುವುದಿಲ್ಲ. ಸಣ್ಣ ಬ್ರಷ್ಷಿನಿಂದ ತೂತಿನ ಹತ್ತಿರ ಇಟ್ಟು ಕೆಳಗೆ ಎಳೆಯಿರಿ. ಗೋಡೆಯನ್ನು ನೆಟ್ಟಗೆ ನಿಲ್ಲಿಸಿಯೇ ಈ ಕೆಲಸ ಮಾಡಿ, ಮಲಗಿಸಿಟ್ಟರೆ ನೀರು ಸಿಕ್ಕ ಕಡೆ ಹೋಗುತ್ತದೆ. ಪಾಚಿಗೆ ಹಸಿರು ಮತ್ತು ಹಳದಿ ಸಾಫ್ಟ್ ಪೇಸ್ಟಲ್ ಕಡ್ಡಿಯನ್ನು ಮರಳು ಕಾಗದಕ್ಕೆ ಉಜ್ಜಿ ಪುಡಿ ಮಾಡಿ, ಒದ್ದೆ ಬ್ರಷ್ಷಿನಲ್ಲಿ ಅಂಚಿಗೆ ತಾಗಿಸಿದರೆ ಸಾಕು. ಆಯಿಲ್ ಪೇಸ್ಟಲ್ ತರಬೇಡಿ, ಅದು ಪುಡಿಯಾಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ ಆದರೆ ಕೇಳಬೇಕು. ನಿಮ್ಮ ದೃಶ್ಯದಲ್ಲಿ ಯಾವ ತಿಂಗಳು? ಜುಲೈ ಆದರೆ ಪಾಚಿ ಎಳೆ ಹಸಿರು, ಮಣ್ಣು ಕಡುಗೆಂಪು, ಬರೆಯಲ್ಲಿ ನೀರಿನ ಹೊಳಪು. ಮಾರ್ಚ್ ಆದರೆ ಅದೇ ಪಾಚಿ ಒಣಗಿ ಕಪ್ಪು ಹಕ್ಕಳೆ, ಮಣ್ಣು ಮಾಸಲು, ರಸ್ತೆ ಪಕ್ಕದ ಎಲೆ ಮೇಲೆ ಕೆಂಧೂಳು. ತಿಂಗಳು ನಿಶ್ಚಯ ಮಾಡಿದ ಮೇಲೆ ಅರ್ಧ ಗೊಂದಲ ತಾನಾಗಿ ಹೋಗುತ್ತದೆ.

ಪ್ರಶ್ನೆ: ಕೆಲಸ ಮುಗಿಸಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆದೆ. ಎಂಜಿನ್ ಮೇಲೆಲ್ಲ ಬಿಳಿ ಮಂಜು ಕವಿದಂತಾಯಿತು. ಸ್ಪ್ರೇ ಡಬ್ಬ ಕೆಟ್ಟಿದೆಯಾ?
(ಮಡಿಕೇರಿ)

ಉತ್ತರ: ಯಾವ ತಿಂಗಳಲ್ಲಿ ಹೊಡೆದಿರಿ ಅಂತ ಬರೆದಿಲ್ಲ, ಆದರೂ ಊಹಿಸಬಹುದು ಅಲ್ವಾ. ಡಬ್ಬ ಸರಿ ಇದ್ದೀತು, ಗಾಳಿ ಸರಿ ಇಲ್ಲ. ಸ್ಪ್ರೇಯಲ್ಲಿರುವ ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ಹನಿಗಟ್ಟಿ ವಾರ್ನಿಶ್ ಒಳಗೆ ಸಿಕ್ಕಿಬೀಳುತ್ತದೆ. ಆ ಬಿಳಿ ಅದೇ. ಬಿಸಿಲು ಬಂದ ದಿನ ಮಧ್ಯಾಹ್ನ ಗ್ಲಾಸಿ, ಅಂದರೆ ಹೊಳಪಿನ ವಾರ್ನಿಶ್ ತೆಳುವಾಗಿ ಒಂದು ಕೋಟ್ ಹೊಡೆದರೆ ಹೆಚ್ಚಾಗಿ ಮಂಜು ಮಾಯವಾಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮತ್ತೆ ಮ್ಯಾಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಸಹವಾಸವೇ ಬಿಟ್ಟು, ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಶ್ ಬ್ರಷ್ಷಿನಲ್ಲಿ ಹಚ್ಚುವುದು ಒಳ್ಳೆಯದು. ಹಾಗೆಯೇ, ಬಣ್ಣದ ಸ್ಪ್ರೇಯನ್ನು ಬರಿ ಥರ್ಮೋಕೋಲ್ ಮೇಲೆ ಯಾವ ಕಾಲದಲ್ಲೂ ಹೊಡೆಯಬೇಡಿ, ಕರಗಿ ಗುಂಡಿ ಬೀಳುತ್ತದೆ. ಮೊದಲು ಫೆವಿಕಾಲ್ ಬೆರೆಸಿದ ಅಕ್ರಿಲಿಕ್ ಒಂದು ಪದರ ಹಚ್ಚಿರಬೇಕು.

ಪ್ರಶ್ನೆ: ಮಗಳಿಗೆ ರೈಲಿನ ಪಕ್ಕ ನಮ್ಮದೇ ತರದ ಕಾಫಿ ತೋಟ ಬೇಕಂತೆ. ಗಿಡ, ಮರ ಹೇಗೆ ಮಾಡಲಿ? ಕಳೆದ ಸಲ ಮಾಡಿದ್ದಕ್ಕೆ ಬೂಷ್ಟು ಹಿಡಿದು ಹಲಗೆಯೂ ಬಾಗಿತು.
(ವಿರಾಜಪೇಟೆ)

ಉತ್ತರ: ಕೊಡಗಿಗೆ ರೈಲು ಬಂದಿಲ್ಲ, ನಿಮ್ಮ ಮಗಳು ತಂದುಬಿಟ್ಟಳು. ಸಂತೋಷ.

ಮೊದಲು ಅಳತೆ. ಎಚ್‌ಒ ಅಂದರೆ 1:87. ಐದೂವರೆ ಅಡಿಯ ಕಾಫಿ ಗಿಡ ಸುಮಾರು 19 ಮಿಲಿಮೀಟರ್. ಅರವತ್ತು ಅಡಿಯ ಸಿಲ್ವರ್ ಓಕ್ 21 ಸೆಂಟಿಮೀಟರ್. ಎಲ್ಲರೂ ಮರವನ್ನು ಗಿಡ್ಡ ಮಾಡುತ್ತಾರೆ, ಅದಕ್ಕೇ ತೋಟ ತೋಟದಂತೆ ಕಾಣದೆ ಪಾರ್ಕಿನಂತೆ ಕಾಣುತ್ತದೆ. ಕಾಂಡಕ್ಕೆ ನಿಮ್ಮ ತೋಟದ ಒಣ ಕಡ್ಡಿಗಳೇ ಸಾಕು, ನೆಟ್ಟಗಿರುವುದನ್ನು ಆರಿಸಿ. ಕಪಾತು ಮಾಡಿದ ಸಿಲ್ವರ್ ಓಕ್ ಹೇಗಿರುತ್ತದೆ ನಿಮಗೇ ಗೊತ್ತು, ಉದ್ದ ಕಂಬ, ತುದಿಯಲ್ಲಿ ಒಂದಿಷ್ಟು ಎಲೆ. ಕಾಂಡಕ್ಕೆ ಅಂಟು ಸವರಿ ಕಡು ಹಸಿರು ಸ್ಪಂಜಿನ ಪುಡಿಯಲ್ಲಿ ಉರುಳಿಸಿದರೆ ಮೆಣಸಿನ ಬಳ್ಳಿ ಬಂತು. ಬಳ್ಳಿಯನ್ನು ಎಲ್ಲಾ ಮರದಲ್ಲೂ ಒಂದೇ ಎತ್ತರಕ್ಕೆ ನಿಲ್ಲಿಸಬೇಡಿ. ಸ್ಪಂಜಿಗೆ ಅಕ್ರಿಲಿಕ್ ಹಚ್ಚಿ, ಒಣಗಿಸಿ, ಹಳೆಯ ಮಿಕ್ಸಿ ಜಾರಿನಲ್ಲಿ ಪುಡಿ ಮಾಡಬಹುದು. ಅಡುಗೆಯ ಜಾರ್ ಮುಟ್ಟಿದರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ.

ಹೂವು ಬೇಕು ಅಂತ ಮಗಳು ಹೇಳಿದರೆ ಬಿಳಿ ಬಣ್ಣದಲ್ಲಿ ಸ್ಪಂಜನ್ನು ಅದ್ದಿ ರೆಂಬೆಗಳ ಉದ್ದಕ್ಕೂ ತಟ್ಟಿ. ಆದರೆ ಹೂಮಳೆ ಬೀಳುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಆ ತೋಟದಲ್ಲಿ ಕೆಂಪು ಹಣ್ಣು, ಪಕ್ಕದ ಕಣದಲ್ಲಿ ಕಾಫಿ ಒಣಗಿಸುವವರು, ಗೋಡೆಯಲ್ಲಿ ಜಡಿಮಳೆಯ ಪಾಚಿ ಎಲ್ಲಾ ಒಟ್ಟಿಗೆ ಇಟ್ಟರೆ ಹೊರಗಿನವರು ಮೆಚ್ಚಿಯಾರು, ಕೊಡಗಿನವರು ನಗುತ್ತಾರೆ.

ಬೂಷ್ಟಿನ ವಿಷಯ. ನೆಲಕ್ಕೆ ಕಾಫಿ ಚರಟ, ಟೀ ಪುಡಿ ಹಾಕಿದ್ದರೆ ಅದು ಪೂರ್ತಿ ಒಣಗಿರಲಿಲ್ಲ. ಬಿಸಿಲಿಗೆ ಹಾಕಿದ ಮೇಲೂ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ತೇವ ತೆಗೆಯಬೇಕು. ನಿಜ ಹೇಳಬೇಕಂದರೆ ಮಳೆಗಾಲದ ಮನೆಗೆ ಈ ಎರಡೂ ಬೇಡ ಅನ್ನುವುದೇ ನನ್ನ ಸಲಹೆ. ತೋಟದ ಮಣ್ಣನ್ನೇ ಜರಡಿ ಹಿಡಿದು, ಹುರಿದು ಬಳಸಿ. ಬಣ್ಣವೂ ನಿಜದ್ದೇ ಸಿಗುತ್ತದೆ. ಅಂಟು ತಾಗಿದ ಮೇಲೆ ಮಣ್ಣು ಒಂದು ಪಟ್ಟು ಕಪ್ಪಾಗುತ್ತದೆ ಅನ್ನುವುದು ನೆನಪಿರಲಿ, ಕೊನೆಗೆ ತಿಳಿ ಬಣ್ಣದಲ್ಲಿ ಡ್ರೈ ಬ್ರಷ್ ಮಾಡಬೇಕಾಗಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಪೂರ್ತಿ ಒಣಗದೆ ಮೇಲೆ ಬಣ್ಣ ಬೇಡ, ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಬೂಷ್ಟಾಗುತ್ತದೆ.

ಹಲಗೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ್ದು) ಇದ್ದಿರಬೇಕು, ಅದು ತೇವ ಹೀರಿ ಉಬ್ಬುತ್ತದೆ. ಐಎಸ್ 710 ಮುದ್ರೆ ಇರುವ, ಅಂದರೆ ನೀರು ತಡೆಯುವ ಮರೀನ್ ಪ್ಲೈವುಡ್ ಕೇಳಿ ತನ್ನಿ. ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ಪೇಂಟ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಹಚ್ಚದ ಬದಿ ಮಾತ್ರ ತೇವ ಕುಡಿದು ಬಾಗುತ್ತದೆ. ಕೆಳಗೆ ರೀಪಿನ ಚೌಕಟ್ಟು ಕೊಡಿ.

ಪ್ರಶ್ನೆ: ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಮಾಡಬೇಕು ಅಂತ ಆಸೆ. ಎಚ್‌ಒ ಒಳ್ಳೆಯದಾ, ಎನ್ ಸ್ಕೇಲ್ ಒಳ್ಳೆಯದಾ?
(ಕುಶಾಲನಗರ)

ಉತ್ತರ: ಸ್ಟೇಷನ್ ಹತ್ತಿರದಿಂದ ತೋರಿಸಬೇಕಾದರೆ ಎಚ್‌ಒ. ಘಾಟಿಯೇ ಬೇಕಾದರೆ ಎನ್, ಅಂದರೆ 1:160. ಅಲ್ಲಿ ರೈಲು ಚಿಕ್ಕದು, ಬೆಟ್ಟ ದೊಡ್ಡದು, ಆ ಅನುಪಾತ ಬರದಿದ್ದರೆ ಸುಮ್ನೆ ಶ್ರಮ. ಆ ಮಾರ್ಗದ ಕಡಿದಾದ ಏರು 50ಕ್ಕೆ 1. ನಾಲ್ಕು ಅಡಿ ಹಲಗೆಯಲ್ಲಿ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೇ, ಆದ್ದರಿಂದ ಕಡಿದು ಕಾಣಲಿ ಅಂತ ಹಳಿಯನ್ನು ಏರಿಸಬೇಡಿ, ಎಂಜಿನ್ ಜಾರುತ್ತದೆ. ಪಕ್ಕದ ಕಣಿವೆಯನ್ನು ಆಳ ಮಾಡಿ. ಹಳಿಯ ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳುವವರಿದ್ದಾರೆ. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್, ಎಚ್‌ಒದಲ್ಲಿ 19.3 ಆಗಬೇಕು, ಅಂಗಡಿಯಲ್ಲಿ ಸಿಗುವುದು 16.5. ಎನ್‌ನಲ್ಲಿ 10.5ರ ಬದಲು 9. ಜಲ್ಲಿ ಹಾಕಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಜಲ್ಲಿಗೆ ಹೊಳೆ ಮರಳು ಬಳಸುವುದಾದರೆ ಟೀ ಸೋಸುವ ಜರಡಿಯಲ್ಲಿ ಸೋಸಿ, ಆಮೇಲೆ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಅದರ ಮೇಲೆ ಆಡಿಸಿ. ಕಪ್ಪು ಕಣಗಳು ಎದ್ದು ಅಂಟಿಕೊಳ್ಳುತ್ತವೆ. ಅವು ಉಳಿದರೆ ಎಂಜಿನ್ ಮೋಟರಿನ ಅಯಸ್ಕಾಂತ ಎಳೆದುಕೊಂಡು ಗೇರೊಳಗೆ ಸೇರಿಸುತ್ತದೆ. ಪಾಯಿಂಟ್ಸ್ (ರೈಲು ಹಳಿ ಬದಲಿಸುವ ಜಾಗ) ಹತ್ತಿರ ಅಂಟಿನ ಕೈ ಬಿಗಿ ಇರಲಿ, ಹಳಿಯ ನಾಲಗೆ ಒಮ್ಮೆ ಅಂಟಿಕೊಂಡರೆ ಅದನ್ನು ಬಿಡಿಸುವಷ್ಟರಲ್ಲಿ ಇಡೀ ಪಾಯಿಂಟ್ಸ್ ಕಿತ್ತು ಹೊಸದು ಹಾಕಬಹುದು.