ಒಂದೇ ಎಂಜಿನ್, ಅದೂ ನಿಂತರೆ?

ಪ್ರಶ್ನೆ: ಜಕ್ಕೂರಿನಲ್ಲಿ ನಮ್ಮ ಮನೆ ಮೇಲೆ ದಿನಾ ಪುಟ್ಟ ವಿಮಾನ ಹಾರುತ್ತದೆ. ಇರುವ ಒಂದೇ ಎಂಜಿನ್ ಕೈಕೊಟ್ಟರೆ ದೊಪ್ಪಂತ ಬೀಳುತ್ತಾ?

ಉತ್ತರ: ಇಲ್ಲ, ತೇಲುತ್ತಾ ಇಳಿಯುತ್ತದೆ. ಅದು ಸೆಸ್ನಾ 172 ಎಂಬ ಪುಟ್ಟ ವಿಮಾನ ಅಂತಿಟ್ಟುಕೊಳ್ಳಿ. ಪೈಲಟ್ ಮೊದಲು ಮೂತಿ ತಗ್ಗಿಸಿ ವೇಗವನ್ನು ಗಂಟೆಗೆ ಸುಮಾರು 120 ಕಿ.ಮೀ.ಗೆ ತಂದು ಹಿಡಿದರೆ, ಎದುರುಗಾಳಿ ಇಲ್ಲದಾಗ 3,000 ಅಡಿಯಿಂದ ಹೆಚ್ಚುಕಮ್ಮಿ 8 ಕಿ.ಮೀ. ಸಾಗಬಹುದು. ಆಮೇಲೆ ಇಳಿಯಲು ಬಯಲು ಹುಡುಕಬೇಕು. ಬೆಂಗಳೂರಲ್ಲಿ ಬಯಲೆಲ್ಲಿದೆ ಅಂತೀರಾ, ಅದೂ ಸರಿಯೇ! ನಂತರ ಇಂಧನದ ಸ್ವಿಚ್ಚು ನೋಡಿ, ಕಾರ್ಬ್ಯುರೇಟರ್ (ಇಂಧನಕ್ಕೆ ಗಾಳಿ ಬೆರೆಸುವ ಭಾಗ) ಇದ್ದರೆ ಅದಕ್ಕೆ ಬಿಸಿಗಾಳಿ ಬಿಡಬೇಕು. ಹೊರಗೆ 20 ಡಿಗ್ರಿ ಇದ್ದರೂ ತೇವ ಜಾಸ್ತಿಯಿದ್ದರೆ ಅದರೊಳಗೆ ಮಂಜುಗಡ್ಡೆ ಕಟ್ಟುತ್ತದೆ, ನಂಬ್ತೀರಾ? ರೇಡಿಯೋದಲ್ಲಿ ‘ಮೇಡೇ’ ಅಂತ ಅಪಾಯದ ಕರೆ ಕೂಗುವುದು ಇದೆಲ್ಲ ಆದಮೇಲೆ. ಟೇಕಾಫ್ ಆದ ತಕ್ಷಣ ನಿಂತರೆ ಮಾತ್ರ ರನ್‌ವೇ ಕಡೆ ತಿರುಗಿಸುವ ಆಸೆ ಬೇಡ, ಹೆಚ್ಚುಕಮ್ಮಿ ನೇರಕ್ಕೇ ಇಳಿಸಬೇಕು.